ಅಳತೆ ಮತ್ತು ಅರ್ಹತೆ: ಡಯಾಫ್ರಮ್ ಹಾಗೂ ಗರ್ಭಕಂಠದ ಟೊಪ್ಪಿಯ ಚರಿತ್ರೆಯ ಒಂದು ಅವಲೋಕನ

ಸಂತಾನ ನಿಯಂತ್ರಣದ ಚರಿತ್ರೆಯನ್ನು ಸಾಮಾನ್ಯವಾಗಿ ಜನಸಂಖ್ಯೆಯ ಚರಿತ್ರೆಯಾಗಿ, ಸರ್ಕಾರಗಳ ಯೋಜನೆಗಳ ಚರಿತ್ರೆಯಾಗಿ ಬರೆಯಲಾಗಿದೆ. ಆ ಬರವಣಿಗೆಯಲ್ಲಿ ಅಂಕಿಅಂಶಗಳಿಗೆ ದೊರೆತ ಸ್ಥಾನವು ಉಪಕರಣಗಳಿಗೆ ದೊರೆತಿಲ್ಲ. ಉಪಕರಣವನ್ನು ಬಳಸಿದ ಹೆಣ್ಣಿನ ದೇಹ, ಆಕೆ ಬದುಕಿದ ಮನೆ, ಆಕೆಯನ್ನು ಪರೀಕ್ಷಿಸಿದ ಕೈ ಇವುಗಳಿಗೆ ದೊರೆತ ಸ್ಥಾನ ಇನ್ನೂ ಕಡಿಮೆ. ಈ ದೃಷ್ಟಿಯಿಂದ ಡಯಾಫ್ರಮ್ ಮತ್ತು ಗರ್ಭಕಂಠದ ಟೊಪ್ಪಿ ಎಂಬ ಎರಡು ಸಾಧನಗಳು ವಿಶೇಷ ಅಧ್ಯಯನಕ್ಕೆ ಅರ್ಹವಾಗಿವೆ. ಗರ್ಭನಿರೋಧಕಗಳ ಪೈಕಿ ಒಬ್ಬೊಬ್ಬ ಹೆಣ್ಣಿನ ದೇಹದ ಅಳತೆ ತೆಗೆದು, ಇದು ನಿನಗೆ ಒಗ್ಗುತ್ತದೆ ಅಥವಾ ಒಗ್ಗುವುದಿಲ್ಲ ಎಂದು ನಿರ್ಣಯಿಸಿ ಕೊಡಬೇಕಾಗಿ ಬಂದ ಮೊದಲ ಸಾಧನಗಳಿವು. ಆ ನಿರ್ಣಯವನ್ನು ಯಾರು ಮಾಡಬೇಕು, ಯಾವುದನ್ನು ಅಳೆದು ಮಾಡಬೇಕು ಎಂಬ ಪ್ರಶ್ನೆಗಳೇ ಇವುಗಳ ಚರಿತ್ರೆಯನ್ನು ರೂಪಿಸಿವೆ. ಭಾರತದಲ್ಲಿ, ಅದರಲ್ಲಿಯೂ ಹಳೆಯ ಮೈಸೂರು ಸೀಮೆಯಲ್ಲಿ, ಈ ಪ್ರಶ್ನೆಗಳು ಹೇಗೆ ಎದುರಾದವು ಎಂಬುದನ್ನು ಜಾನಪದ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧. ಅಳತೆಯಿಲ್ಲದ ಕಾಲ

ಗರ್ಭಕೋಶದ ಬಾಯನ್ನು ಮುಚ್ಚಿ ಗರ್ಭವನ್ನು ತಡೆಯಬಹುದೆಂಬ ತಿಳಿವಳಿಕೆ ಬಹಳ ಹಳೆಯದು. ಈಜಿಪ್ಟಿನಲ್ಲಿ ದೊರೆತ, ಕ್ರಿ.ಪೂ. ಸುಮಾರು ೧೮೫೦ರದೆಂದು ಹೇಳಲಾಗುವ ಕಾಹುನ್ ಪಪೈರಸ್‌ನಲ್ಲಿ ಮೊಸಳೆಯ ಲದ್ದಿಯನ್ನು ಬಳಸುವ ಪ್ರಯೋಗವಿದೆ. ಕ್ರಿ.ಪೂ. ಸುಮಾರು ೧೫೫೦ರ ಎಬರ್ಸ್ ಪಪೈರಸ್‌ನಲ್ಲಿ ಜಾಲಿಯ ಜಾತಿಯ ಗಿಡದ ಭಾಗವನ್ನು ಜೇನಿನೊಡನೆ ಅರೆದು, ನಾರಿನಲ್ಲಿ ಅದ್ದಿ ಒಳಗಿಡುವ ಕ್ರಮವಿದೆ. ಕ್ರಿ.ಶ. ಎರಡನೆಯ ಶತಮಾನದಲ್ಲಿ ಗ್ರೀಕ್ ವೈದ್ಯ ಸೊರಾನಸ್ ಎಣ್ಣೆ, ಜೇನು, ಮರದ ರಾಳಗಳನ್ನು ಉಣ್ಣೆಗೆ ಸವರಿ ಬಳಸುವ ವಿಧಾನಗಳನ್ನು ಹೇಳುತ್ತಾನೆ. ಬೇರೆ ಬೇರೆ ಸಮಾಜಗಳ ಇಂತಹ ಪದ್ಧತಿಗಳನ್ನು ನಾರ್ಮನ್ ಹೈಮ್ಸ್ ೧೯೩೬ರಲ್ಲಿ ಪ್ರಕಟಿಸಿದ ಗರ್ಭನಿರೋಧದ ವೈದ್ಯಕೀಯ ಇತಿಹಾಸವು ವಿಸ್ತಾರವಾಗಿ ಸಂಗ್ರಹಿಸಿದೆ.

ಈ ಎಲ್ಲ ಪ್ರಯೋಗಗಳಲ್ಲಿ ಸಮಾನವಾದ ಒಂದು ಅಂಶವಿದೆ. ಅವು ದ್ರವ್ಯದ ಅಳತೆಯನ್ನು ಹೇಳುತ್ತವೆಯೇ ಹೊರತು ದೇಹದ ಅಳತೆಯನ್ನು ಹೇಳುವುದಿಲ್ಲ. ಒಬ್ಬಳಿಗೆ ಹೇಳಿದ ಮದ್ದು ಎಲ್ಲರಿಗೂ ಸಲ್ಲುತ್ತದೆ. ಆದ್ದರಿಂದಲೇ ಅದು ಬಾಯಿಂದ ಬಾಯಿಗೆ, ತಾಯಿಯಿಂದ ಮಗಳಿಗೆ, ಸೂಲಗಿತ್ತಿಯಿಂದ ಬಾಣಂತಿಗೆ ಸಾಗಬಲ್ಲದಾಗಿತ್ತು. ಅದರ ಪರಿಣಾಮ ಎಷ್ಟಿತ್ತು ಎಂಬುದು ಬೇರೆ ಮಾತು. ಆದರೆ ಆ ತಿಳಿವಳಿಕೆಯ ಒಡೆತನ ಹೆಂಗಸರದೇ ಆಗಿತ್ತು ಎಂಬುದನ್ನು ಗಮನಿಸಬೇಕು.

೨. ಅಳತೆಯ ಹುಟ್ಟು

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಸ್ಥಿತಿ ಬದಲಾಯಿತು. ೧೮೩೮ರಲ್ಲಿ ಜರ್ಮನ್ ವೈದ್ಯ ಫ್ರೀಡ್ರಿಕ್ ಅಡಾಲ್ಫ್ ವಿಲ್ಡೆ ಗರ್ಭಕಂಠದ ಅಚ್ಚನ್ನು ಮೇಣದಲ್ಲಿ ತೆಗೆದು, ಆ ಅಚ್ಚಿಗೆ ತಕ್ಕಂತೆ ರಬ್ಬರಿನ ಟೊಪ್ಪಿ ಮಾಡಿಸುವ ಕ್ರಮವನ್ನು ವಿವರಿಸಿದ. ಅಂದರೆ ಗರ್ಭಕಂಠದ ಟೊಪ್ಪಿಯು ತನ್ನ ಹುಟ್ಟಿನಲ್ಲಿಯೇ ಒಬ್ಬೊಬ್ಬ ಹೆಣ್ಣಿಗೂ ಪ್ರತ್ಯೇಕವಾಗಿ ಮಾಡಬೇಕಾದ ವಸ್ತುವಾಗಿತ್ತು. ಮರುವರ್ಷ ಚಾರ್ಲ್ಸ್ ಗುಡ್‌ಇಯರ್ ರಬ್ಬರನ್ನು ಗಂಧಕದೊಡನೆ ಕಾಯಿಸಿ ಗಟ್ಟಿಗೊಳಿಸುವ ವಿಧಾನವನ್ನು ಕಂಡುಕೊಂಡ. ೧೮೪೪ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ಹೀಗೆ ಬಾಗಿದರೂ ಮತ್ತೆ ತನ್ನ ಆಕಾರಕ್ಕೆ ಮರಳುವ, ತೊಳೆದು ಮತ್ತೆ ಬಳಸಬಹುದಾದ ರಬ್ಬರು ಸಿಕ್ಕಿತು.

೧೮೮೦ರ ದಶಕದ ಆರಂಭದಲ್ಲಿ ಫ್ಲೆನ್ಸ್‌ಬರ್ಗ್ ಪಟ್ಟಣದ ವೈದ್ಯ ವಿಲ್ಹೆಲ್ಮ್ ಮೆನ್ಸಿಂಗಾ ಅಂಚಿನಲ್ಲಿ ಸ್ಪ್ರಿಂಗ್ ಹುದುಗಿಸಿದ ರಬ್ಬರು ಬಟ್ಟಲನ್ನು ಪ್ರಚಾರಕ್ಕೆ ತಂದ. ಸಿ. ಹಾಸೆ ಎಂಬ ಗುಪ್ತನಾಮದಲ್ಲಿ ಆತ ಇದರ ಬಗ್ಗೆ ಬರೆದುದು ಆ ಕಾಲದ ಸಾಮಾಜಿಕ ಒತ್ತಡವನ್ನು ಸೂಚಿಸುತ್ತದೆ. ಇದೇ ಡಯಾಫ್ರಮ್. ಟೊಪ್ಪಿಯು ಗರ್ಭಕಂಠದ ಮೇಲೆ ಮಾತ್ರ ಕೂರುತ್ತದೆ. ಡಯಾಫ್ರಮ್ ಗರ್ಭಕಂಠವನ್ನು ಒಳಗೊಂಡು ಯೋನಿಯ ಮೇಲ್ಭಾಗಕ್ಕೆ ಅಡ್ಡಲಾಗಿ ನಿಲ್ಲುತ್ತದೆ. ಮೆನ್ಸಿಂಗಾನ ಬರಹವನ್ನು ಓದಿದ ಡಚ್ ವೈದ್ಯೆ ಅಲೆಟ್ಟಾ ಜೇಕಬ್ಸ್ ಆತನೊಡನೆ ಪತ್ರವ್ಯವಹಾರ ನಡೆಸಿ, ಕೆಲವು ಮಹಿಳೆಯರಲ್ಲಿ ಅದನ್ನು ಪರೀಕ್ಷಿಸಿ ನೋಡಿದ ನಂತರವೇ ಆಮ್‌ಸ್ಟರ್‌ಡ್ಯಾಮಿನ ಬಡ ಹೆಂಗಸರಿಗೆ ಕೊಡತೊಡಗಿದಳು. ಆಕೆ ನೆದರ್‌ಲ್ಯಾಂಡ್ಸಿನಲ್ಲಿ ವಿಶ್ವವಿದ್ಯಾಲಯದ ವೈದ್ಯ ಪದವಿ ಪಡೆದ ಮೊದಲ ಮಹಿಳೆ. ಈ ಸಾಧನಕ್ಕೆ ‘ಡಚ್ ಕ್ಯಾಪ್’ ಎಂಬ ಹೆಸರು ಉಳಿದುದಕ್ಕೆ ಆಕೆಯ ಕೆಲಸವೂ ಕಾರಣ.

ಅಮೆರಿಕದ ಮಾರ್ಗರೆಟ್ ಸ್ಯಾಂಗರಳ ಬದುಕಿನಲ್ಲಿ ಅಳತೆಯ ಪ್ರಶ್ನೆ ನಿರ್ಣಾಯಕ ತಿರುವನ್ನು ತಂದಿತು. ೧೯೧೪ರಲ್ಲಿ ಆಕೆ ಹೊರತಂದ ‘ಫ್ಯಾಮಿಲಿ ಲಿಮಿಟೇಶನ್’ ಎಂಬ ಕಿರುಹೊತ್ತಗೆಯಲ್ಲಿ, ಇದನ್ನು ಒಮ್ಮೆ ಕಲಿತ ಹೆಂಗಸರು ಒಬ್ಬರಿಗೊಬ್ಬರು ಹೇಳಿಕೊಡಬಹುದೆಂಬ ನಿಲುವಿತ್ತು. ೧೯೧೫ರಲ್ಲಿ ಹೇಗ್ ನಗರದಲ್ಲಿ ಡಾ. ಯೊಹಾನೆಸ್ ರುಟ್ಗರ್ಸ್‌ನ ಬಳಿ ಡಯಾಫ್ರಮ್ ಹೊಂದಿಸುವುದನ್ನು ಕಲಿತಾಗ, ಅಳತೆಗಳು ಹಲವಾರಿವೆ, ಸರಿಯಾದುದನ್ನು ಆರಿಸಲು ದೇಹದ ಒಳಪರೀಕ್ಷೆ ಬೇಕು ಎಂಬುದು ಆಕೆಗೆ ಮನದಟ್ಟಾಯಿತು. ೧೯೧೬ರ ಅಕ್ಟೋಬರ್ ೧೬ರಂದು ಬ್ರೂಕ್ಲಿನ್‌ನ ಬ್ರೌನ್ಸ್‌ವಿಲ್‌ನಲ್ಲಿ ಆಕೆ ತೆರೆದ ಚಿಕಿತ್ಸಾಲಯವನ್ನು ಪೊಲೀಸರು ಕೆಲವೇ ದಿನಗಳಲ್ಲಿ ಮುಚ್ಚಿಸಿದರು. ೧೯೧೮ರ ನ್ಯಾಯಾಲಯದ ತೀರ್ಪು ರೋಗ ನಿವಾರಣೆಯ ಕಾರಣಕ್ಕೆ ವೈದ್ಯರು ಗರ್ಭನಿರೋಧದ ಸಲಹೆ ನೀಡಬಹುದೆಂದು ಹೇಳಿ ಒಂದು ದಾರಿ ತೆರೆಯಿತು. ೧೯೨೩ರಲ್ಲಿ ನ್ಯೂಯಾರ್ಕಿನಲ್ಲಿ ಸ್ಯಾಂಗರ್ ಆರಂಭಿಸಿದ ಚಿಕಿತ್ಸಾಲಯವು ಪೂರ್ಣವಾಗಿ ವೈದ್ಯರ ಹೊಣೆಯಲ್ಲಿ ನಡೆಯಿತು. ಹತ್ತು ವರ್ಷಗಳೊಳಗೆ ನೆರೆಹೊರೆಯ ಹೆಂಗಸರ ತಿಳಿವಳಿಕೆ ವೈದ್ಯರ ಕೊಠಡಿಯನ್ನು ಸೇರಿತ್ತು. ಈ ಬದಲಾವಣೆಯಿಂದ ಸಾಧನಕ್ಕೆ ಕಾನೂನಿನ ರಕ್ಷಣೆ ಸಿಕ್ಕಿತು, ಅಳತೆ ನಿಖರವಾಯಿತು. ಅದೇ ಹೊತ್ತಿಗೆ, ವೈದ್ಯರಿಲ್ಲದ ಊರಿಗೆ ಅದು ಎಟುಕದ ವಸ್ತುವಾಯಿತು.

೩. ಯೋಗ್ಯತೆಯನ್ನು ನಿರ್ಣಯಿಸುವ ಕ್ರಮ

ಮುಂದಿನ ಚರ್ಚೆಯ ದೃಷ್ಟಿಯಿಂದ ಈ ಪರೀಕ್ಷೆಯ ಸ್ವರೂಪವನ್ನು ತಿಳಿಯುವುದು ಅಗತ್ಯ. ಪರೀಕ್ಷಿಸುವವರು ತೋರುಬೆರಳು ಮತ್ತು ನಡುಬೆರಳನ್ನು ಒಳಗಿರಿಸಿ, ನಡುಬೆರಳು ಗರ್ಭಕಂಠದ ಹಿಂದಿನ ತುದಿಯನ್ನು ಮುಟ್ಟಿದಾಗ ತೋರುಬೆರಳು ಜಘನಾಸ್ಥಿಗೆ ತಾಗುವ ಸ್ಥಳವನ್ನು ಹೆಬ್ಬೆರಳಿನಿಂದ ಗುರುತಿಸಿಕೊಳ್ಳುತ್ತಾರೆ. ಆ ದೂರವೇ ಹೆಚ್ಚುಕಡಿಮೆ ಡಯಾಫ್ರಮ್‌ನ ವ್ಯಾಸ. ಬಳಿಕ ಅಳತೆಯ ಉಂಗುರಗಳನ್ನು ಒಂದೊಂದಾಗಿ ಇಟ್ಟು ನೋಡಿ, ಹೆಣ್ಣಿಗೆ ಇರಿಸುಮುರಿಸಾಗದಂತೆ ಕೂರುವ ಅತಿ ದೊಡ್ಡ ಅಳತೆಯನ್ನು ಆರಿಸಲಾಗುತ್ತದೆ. ಅಳತೆಗಳು ೫ ಮಿಲಿಮೀಟರಿನ ಅಂತರದಲ್ಲಿರುತ್ತವೆ. ೬೫ರಿಂದ ೮೦ ಮಿಲಿಮೀಟರಿನವು ಹೆಚ್ಚು ಬಳಕೆಯವು. ಅಂಚಿನ ಸ್ಪ್ರಿಂಗ್‌ನಲ್ಲಿಯೂ ಭೇದಗಳಿವೆ. ಸ್ನಾಯುಗಳು ಬಿಗಿಯಾಗಿದ್ದರೆ ಚಪ್ಪಟೆ ಸ್ಪ್ರಿಂಗ್, ಸಾಧಾರಣವಾಗಿದ್ದರೆ ಸುರುಳಿ ಸ್ಪ್ರಿಂಗ್, ಸಡಿಲವಾಗಿದ್ದರೆ ಅಥವಾ ಗರ್ಭಕೋಶ ಹಿಂದಕ್ಕೆ ಬಾಗಿದ್ದರೆ ಬಿಲ್ಲಿನಂತೆ ಬಾಗುವ ಸ್ಪ್ರಿಂಗ್ ತಕ್ಕುದೆಂಬುದು ರೂಢಿ.

ಅಳತೆ ಸಿಕ್ಕ ಮಾತ್ರಕ್ಕೆ ಪರೀಕ್ಷೆ ಮುಗಿಯುವುದಿಲ್ಲ. ಹೆಣ್ಣು ತಾನೇ ಅದನ್ನು ಒಳಗಿಟ್ಟು, ಗರ್ಭಕಂಠವು ಮುಚ್ಚಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿ, ತೆಗೆದು ತೋರಿಸಬೇಕು. ಗರ್ಭಕಂಠವು ಮೂಗಿನ ತುದಿಯಂತೆ ಗಟ್ಟಿಯಾಗಿ ಬೆರಳಿಗೆ ಸಿಗುತ್ತದೆಂದು ಹೇಳಿಕೊಡುವುದು ವಾಡಿಕೆ. ಮನೆಯಲ್ಲಿ ಕೆಲವು ದಿನ ಅಭ್ಯಾಸ ಮಾಡಿ ಅದನ್ನು ಧರಿಸಿಕೊಂಡೇ ಮತ್ತೊಮ್ಮೆ ಬರುವಂತೆ ಹೇಳಲಾಗುತ್ತದೆ. ವೀರ್ಯಾಣುನಾಶಕ ಲೇಪವನ್ನು ಜೊತೆಗೆ ಬಳಸಬೇಕು. ಸಂಭೋಗದ ನಂತರ ಕನಿಷ್ಠ ೬ ಗಂಟೆ ಅದು ಒಳಗೇ ಇರಬೇಕು. ಹೆರಿಗೆಯಾಗಿ ಆರು ವಾರ ಕಳೆದ ಮೇಲೆ, ಗರ್ಭಪಾತವಾದಾಗ, ಕೆಳಹೊಟ್ಟೆಯ ಶಸ್ತ್ರಚಿಕಿತ್ಸೆಯಾದಾಗ, ದೇಹದ ತೂಕ ಗಣನೀಯವಾಗಿ ಏರಿಳಿದಾಗ ಅಳತೆಯನ್ನು ಮತ್ತೆ ನೋಡಬೇಕು. ಗರ್ಭಕೋಶ ಜಾರಿದವರಿಗೆ, ಮೂತ್ರನಾಳದ ಸೋಂಕು ಮತ್ತೆ ಮತ್ತೆ ಬರುವವರಿಗೆ, ರಬ್ಬರು ಒಗ್ಗದವರಿಗೆ, ಟಾಕ್ಸಿಕ್ ಶಾಕ್ ಎಂಬ ಅಪಾಯಕರ ಕಾಯಿಲೆ ಹಿಂದೆ ಬಂದಿದ್ದವರಿಗೆ ಇದು ತಕ್ಕುದಲ್ಲ. ಎಚ್‌ಐವಿ ಸೋಂಕಿನ ಅಪಾಯ ಹೆಚ್ಚಿರುವವರು ನೊನಾಕ್ಸಿನಾಲ್-೯ ಎಂಬ ವೀರ್ಯಾಣುನಾಶಕವನ್ನು ಬಳಸಬಾರದೆಂಬುದು ನಂತರದ ಸಂಶೋಧನೆಗಳಿಂದ ತಿಳಿದುಬಂದಿದೆ.

ಟೊಪ್ಪಿಯ ವಿಷಯದಲ್ಲಿ ನಿರ್ಣಯ ಇನ್ನೂ ಸೂಕ್ಷ್ಮವಾದುದು. ಗರ್ಭಕಂಠದ ಆಕಾರ ಸಮವಾಗಿರಬೇಕು. ಹೆರಿಗೆಯಲ್ಲಿ ಹರಿದು ವಕ್ರವಾಗಿದ್ದರೆ ಟೊಪ್ಪಿ ಹಿಡಿದು ನಿಲ್ಲದು. ೧೯೮೮ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಪ್ರೆಂಟಿಫ್ ಟೊಪ್ಪಿಗೆ ೨೨, ೨೫, ೨೮, ೩೧ ಮಿಲಿಮೀಟರಿನ ನಾಲ್ಕೇ ಅಳತೆಗಳಿದ್ದವು; ಈ ನಾಲ್ಕರಲ್ಲಿ ಒಂದೂ ಹೊಂದದ ಹೆಂಗಸರು ಅನೇಕರಿದ್ದರು. ೨೦೦೩ರಲ್ಲಿ ಅನುಮತಿ ಪಡೆದ ಸಿಲಿಕೋನಿನ ಫೆಮ್‌ಕ್ಯಾಪ್‌ಗೆ ೨೨, ೨೬, ೩೦ ಮಿಲಿಮೀಟರಿನ ಮೂರು ಅಳತೆಗಳು. ಅವುಗಳನ್ನು ಆರಿಸುವುದು ಹೆಣ್ಣಿನ ಬಸಿರು-ಹೆರಿಗೆಗಳ ವೃತ್ತಾಂತದ ಆಧಾರದಿಂದ: ಎಂದೂ ಬಸಿರಾಗದವರಿಗೆ ಒಂದು, ಬಸಿರಾದರೂ ಸಹಜ ಹೆರಿಗೆಯಾಗದವರಿಗೆ ಒಂದು, ಸಹಜ ಹೆರಿಗೆಯಾದವರಿಗೆ ಮತ್ತೊಂದು. ಹೆತ್ತವರಲ್ಲಿ ಟೊಪ್ಪಿ ವಿಫಲವಾಗುವ ಪ್ರಮಾಣ ಹೆರದವರಿಗಿಂತ ಸುಮಾರು ಇಮ್ಮಡಿ. ಡಯಾಫ್ರಮ್ ಬಳಸುವ ೧೦೦ ಹೆಂಗಸರಲ್ಲಿ ಸುಮಾರು ೧೭ ಮಂದಿ ಸಾಮಾನ್ಯ ಬಳಕೆಯ ಮೊದಲ ವರ್ಷದಲ್ಲಿ ಬಸಿರಾಗುತ್ತಾರೆಂದು ಇತ್ತೀಚಿನ ಅಂದಾಜುಗಳು ಹೇಳುತ್ತವೆ.

ಈ ವಿವರಗಳನ್ನು ಒಟ್ಟಾಗಿ ನೋಡಿದರೆ ಯೋಗ್ಯತೆಯ ಪರೀಕ್ಷೆಗೆ ಮೂರು ನೆಲೆಗಳಿರುವುದು ಸ್ಪಷ್ಟವಾಗುತ್ತದೆ. ಮೊದಲನೆಯದು ದೇಹ. ಎರಡನೆಯದು ಮನೆ: ತೊಳೆಯಲು ನೀರು, ಇಡಲು ಮರೆಯಾದ ಜಾಗ, ಧರಿಸಲು ಏಕಾಂತ. ಮೂರನೆಯದು ಕೈ: ಪರೀಕ್ಷಿಸಿ, ಕಲಿಸಿ, ಮತ್ತೆ ಬಂದಾಗ ನೋಡುವ ನಂಬಿಕೆಯ ಕೈ. ವೈದ್ಯಕೀಯ ಗ್ರಂಥಗಳು ಮೊದಲನೆಯದನ್ನು ಮಾತ್ರ ವಿವರವಾಗಿ ಬರೆದಿಟ್ಟಿವೆ. ಉಳಿದೆರಡು ನೆಲೆಗಳ ಕಥೆಯನ್ನು ಚರಿತ್ರೆಯಲ್ಲಿ ಹುಡುಕಬೇಕಾಗಿದೆ.

೪. ಲಂಡನ್ನಿನ ಸೂಲಗಿತ್ತಿಯರು ಮತ್ತು ‘ಅರ್ಹತೆ’ಯ ಇನ್ನೊಂದು ಮುಖ

೧೯೨೧ರ ಮಾರ್ಚ್ ೧೭ರಂದು ಮೇರಿ ಸ್ಟೋಪ್ಸ್ ಲಂಡನ್ನಿನ ಹಾಲೊವೇ ಪ್ರದೇಶದಲ್ಲಿ ‘ಮದರ್ಸ್ ಕ್ಲಿನಿಕ್’ ತೆರೆದಳು. ಸ್ಟೋಪ್ಸ್ ಸಸ್ಯವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವಳು, ವೈದ್ಯೆಯಲ್ಲ. ಆಕೆಯ ಚಿಕಿತ್ಸಾಲಯದಲ್ಲಿ ಹೆಂಗಸರನ್ನು ಪರೀಕ್ಷಿಸಿ ಟೊಪ್ಪಿ ಹೊಂದಿಸುತ್ತಿದ್ದವರು ತರಬೇತಿ ಪಡೆದ ಸೂಲಗಿತ್ತಿಯರು. ತೊಡಕಿನ ಪ್ರಸಂಗಗಳನ್ನು ಮಾತ್ರ ವೈದ್ಯೆ ನೋಡುತ್ತಿದ್ದಳು. ದುಡಿಯುವ ವರ್ಗದ ಹೆಂಗಸರು ಬಿಳಿ ಕೋಟಿನ ವೈದ್ಯರಿಗಿಂತ ದಾದಿಯರೊಡನೆ ಸಲೀಸಾಗಿ ಮಾತನಾಡುತ್ತಾರೆಂಬುದು ಸ್ಟೋಪ್ಸಳ ನಂಬಿಕೆಯಾಗಿತ್ತು. ಅದೇ ವರ್ಷ ವಾಲ್ವರ್ತ್‌ನಲ್ಲಿ ಮಾಲ್ತೂಸಿಯನ್ ಲೀಗ್ ತೆರೆದ ಕೇಂದ್ರದಲ್ಲಿ ಡಾ. ನಾರ್ಮನ್ ಹೇರ್ ಡಚ್ ಡಯಾಫ್ರಮ್ ಪರವಾಗಿದ್ದ. ಡಯಾಫ್ರಮ್ ಯೋನಿಯ ಗೋಡೆಯನ್ನು ಹಿಗ್ಗಿಸುತ್ತದೆಂದು ಸ್ಟೋಪ್ಸ್ ಅದನ್ನು ವಿರೋಧಿಸಿ ಟೊಪ್ಪಿಯನ್ನೇ ಎತ್ತಿಹಿಡಿದಳು.

ಆದರೆ ಸ್ಟೋಪ್ಸ್ ತನ್ನ ಟೊಪ್ಪಿಗೆ ಇಟ್ಟ ಹೆಸರು ‘ಪ್ರೊ-ರೇಸ್’, ಅಂದರೆ ಜನಾಂಗದ ಹಿತಕ್ಕಾಗಿ ಎಂದು. ಇಲ್ಲಿ ಅರ್ಹತೆ ಎಂಬ ಮಾತಿಗೆ ಮತ್ತೊಂದು ಅರ್ಥ ಸೇರಿಕೊಳ್ಳುತ್ತದೆ. ಈ ಸಾಧನವು ಈ ಹೆಣ್ಣಿಗೆ ತಕ್ಕುದೇ ಎಂಬ ಪ್ರಶ್ನೆಯ ಪಕ್ಕದಲ್ಲಿಯೇ, ಈ ಹೆಣ್ಣು ತಾಯಿಯಾಗಲು ತಕ್ಕವಳೇ ಎಂಬ ಸುಪ್ರಜನನ ವಾದದ ಪ್ರಶ್ನೆಯೂ ನಿಂತಿತ್ತು. ಮೊದಲನೆಯದು ಹೆಣ್ಣಿನ ಹಿತಕ್ಕಾಗಿ ಸಾಧನವನ್ನು ಅಳೆಯುತ್ತದೆ. ಎರಡನೆಯದು ಸಮಾಜದ ಹೆಸರಿನಲ್ಲಿ ಹೆಣ್ಣನ್ನೇ ಅಳೆಯುತ್ತದೆ. ಬಡವರು, ಅಂಗವಿಕಲರು, ಹಿಂದುಳಿದವರೆನಿಸಿಕೊಂಡವರು ಈ ಎರಡನೆಯ ತಕ್ಕಡಿಯಲ್ಲಿ ಹಗುರಾಗಿ ಕಂಡರು. ಭಾರತಕ್ಕೆ ಸಂತಾನ ನಿಯಂತ್ರಣದ ವಿಚಾರ ಬಂದಾಗ ಈ ಎರಡು ತಕ್ಕಡಿಗಳೂ ಜೊತೆಯಾಗಿಯೇ ಬಂದವು. ೧೯೩೪ರಲ್ಲಿ ಮುಂಬಯಿಯಿಂದ ‘ಮ್ಯಾರೇಜ್ ಹೈಜೀನ್’ ಪತ್ರಿಕೆಯನ್ನು ಆರಂಭಿಸಿದ ಡಾ. ಎ.ಪಿ. ಪಿಳ್ಳೈ ಸುಪ್ರಜನನ ಚಳವಳಿಯಲ್ಲಿಯೂ ಪ್ರಮುಖರಾಗಿದ್ದರು.

೫. ಮೈಸೂರಿನ ಆದೇಶ

ಭಾರತದಲ್ಲಿ ಈ ಕಾರ್ಯಕ್ಕೆ ಮೊದಲಾಗಿ ಕೈಹಾಕಿದವರಲ್ಲಿ ರಘುನಾಥ ಧೋಂಡೊ ಕರ್ವೆ ಮುಖ್ಯರು. ೧೯೨೧ರಲ್ಲಿ ಮುಂಬಯಿಯಲ್ಲಿ ಸಂತಾನ ನಿಯಂತ್ರಣದ ಸಲಹಾ ಕೇಂದ್ರವನ್ನು ಆರಂಭಿಸಿದ ಅವರು ಈ ವಿಚಾರಕ್ಕಾಗಿ ಕಾಲೇಜಿನ ಅಧ್ಯಾಪಕ ವೃತ್ತಿಯನ್ನು ಕಳೆದುಕೊಂಡರು. ೧೯೨೭ರಿಂದ ೧೯೫೩ರವರೆಗೆ ‘ಸಮಾಜಸ್ವಾಸ್ಥ್ಯ’ ಎಂಬ ಮರಾಠಿ ಪತ್ರಿಕೆಯನ್ನು ನಡೆಸಿದರು.

ಕರ್ವೆಯವರದು ಒಬ್ಬ ವ್ಯಕ್ತಿಯ ಹೋರಾಟವಾದರೆ, ಮೈಸೂರು ಸಂಸ್ಥಾನದ್ದು ಸರ್ಕಾರದ ಹೆಜ್ಜೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ೧೯೩೦ರಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶವಾಯಿತು. ಸರ್ಕಾರವೇ ನಡೆಸಿದ ಇಂತಹ ಚಿಕಿತ್ಸಾಲಯಗಳಲ್ಲಿ ಲೋಕದಲ್ಲಿಯೇ ಇವು ಮೊದಲನೆಯವೆಂದು ಇತಿಹಾಸಕಾರರು ಗುರುತಿಸುತ್ತಾರೆ. ಅದೇ ೧೯೩೦ರಲ್ಲಿ ಬ್ರಿಟನ್ನಿನ ಆರೋಗ್ಯ ಸಚಿವಾಲಯವು, ಮತ್ತೆ ಬಸಿರಾದರೆ ಆರೋಗ್ಯ ಕೆಡುವಂತಹ ವಿವಾಹಿತೆಯರಿಗೆ ಮಾತ್ರ ಸ್ಥಳೀಯ ಸಂಸ್ಥೆಗಳು ಸಲಹೆ ಕೊಡಬಹುದೆಂದು ಅನುಮತಿ ನೀಡಿತು. ಆಳುವ ದೇಶವು ಹಿಂಜರಿಯುತ್ತಾ ಅನುಮತಿ ನೀಡಿದ ವರ್ಷದಲ್ಲಿಯೇ ಸಂಸ್ಥಾನವೊಂದು ಆಸ್ಪತ್ರೆಯ ಬಾಗಿಲನ್ನು ತೆರೆದುದು ಗಮನಾರ್ಹ.

ಇದರ ಮರುವರ್ಷ, ೧೯೩೧ರಲ್ಲಿ, ಹಲಸಂಗಿಯ ಗೆಳೆಯರ ಶ್ರಮದಿಂದ ‘ಗರತಿಯ ಹಾಡು’ ಪ್ರಕಟವಾಯಿತು. ತವರು, ತಾಯ್ತನ, ಮಗುವಿನ ಹಂಬಲಗಳು ಆ ಸಂಕಲನದ ಮುಖ್ಯ ವಸ್ತುಗಳು. ಮೇಲುನೋಟಕ್ಕೆ ಆದೇಶ ಮತ್ತು ಹಾಡು ಒಂದಕ್ಕೊಂದು ವಿರುದ್ಧವಾಗಿ ಕಾಣುತ್ತವೆ. ಆದರೆ ಮಗುವಿನ ಹಂಬಲವು ಸಾಲುಹೆರಿಗೆಯ ಹಂಬಲವಾಗಬೇಕಾಗಿಲ್ಲ. ಹಾಡಿನಲ್ಲಿ ಬಯಸಿದ ಮಗು ಬದುಕಿ ಬೆಳೆಯುವ ಮಗು. ಹೆರಿಗೆಯಲ್ಲಿ ತಾಯಿ ಸಾಯುವುದು, ಕೂಸು ಉಳಿಯದಿರುವುದು ಆ ಹಂಬಲದ ಬೆನ್ನಿಗೇ ಇದ್ದ ಅಂಜಿಕೆಗಳು. ಹಾಡುವ ಸಮಾಜವನ್ನು ಸಂತಾನ ನಿಯಂತ್ರಣಕ್ಕೆ ಒಲ್ಲದ ಸಮಾಜವೆಂದು ತೀರ್ಮಾನಿಸುವುದು ಸಾಧುವಲ್ಲ. ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರಗಳು ೧೯೫೧-೫೨ರಲ್ಲಿ ನಡೆಸಿ ೧೯೬೧ರಲ್ಲಿ ವರದಿ ಪ್ರಕಟಿಸಿದ ಮೈಸೂರು ಜನಸಂಖ್ಯಾ ಅಧ್ಯಯನವೂ, ಇನ್ನು ಮಕ್ಕಳು ಸಾಕೆಂಬ ಅಪೇಕ್ಷೆ ಹಳ್ಳಿಗಳಲ್ಲಿಯೂ ಇತ್ತೆಂಬುದನ್ನು ತೋರಿಸಿತು.

೬. ಅಳೆಯುವ ಕೈಯಿಂದ ಎಣಿಸುವ ಮಣಿಗೆ

೧೯೩೫-೩೬ರಲ್ಲಿ ಸ್ಯಾಂಗರ್ ಭಾರತ ಪ್ರವಾಸ ಕೈಗೊಂಡಳು. ೧೯೩೫ರ ಡಿಸೆಂಬರಿನಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರನ್ನು ಭೇಟಿಯಾದಳು. ಗಾಂಧೀಜಿ ಸಾಧನಗಳನ್ನು ಒಪ್ಪಲಿಲ್ಲ. ಆತ್ಮಸಂಯಮವೇ ದಾರಿಯೆಂಬುದು ಅವರ ನಿಲುವು. ತಿರುವನಂತಪುರದಲ್ಲಿ ಸೇರಿದ ಅಖಿಲ ಭಾರತ ಮಹಿಳಾ ಸಮ್ಮೇಳನವು ಸಂತಾನ ನಿಯಂತ್ರಣದ ಪರವಾಗಿ ನಿರ್ಣಯ ಮಾಡಿತು. ಆದರೆ ನ್ಯೂಯಾರ್ಕಿನಲ್ಲಿ ಡಯಾಫ್ರಮ್ಮನ್ನು ಎತ್ತಿಹಿಡಿದ ಸ್ಯಾಂಗರ್ ಭಾರತದ ಬಡ ಹೆಂಗಸರಿಗೆ ಹೇಳಿದುದು ನೊರೆಪುಡಿಯನ್ನು. ಅದು ಅಗ್ಗ, ಅದಕ್ಕೆ ಅಳತೆ ಬೇಡ, ವೈದ್ಯೆ ಬೇಡ. ಭಾರತದ ಹಳ್ಳಿಯ ಹೆಣ್ಣಿಗೆ ಡಯಾಫ್ರಮ್ ತಕ್ಕುದಲ್ಲವೆಂಬ ತೀರ್ಮಾನ ಯಾವ ಹೆಣ್ಣಿನ ದೇಹವನ್ನೂ ಪರೀಕ್ಷಿಸದೆ, ಆಸ್ಪತ್ರೆಗಳ ಕೊರತೆಯನ್ನು ನೋಡಿಯೇ ಆಗಿಹೋಗಿತ್ತು.

೧೯೩೬ರಲ್ಲಿ ಅಮೆರಿಕದ ನ್ಯಾಯಾಲಯವೊಂದು ಜಪಾನಿನಿಂದ ಬಂದ ೧೨೦ ಪೆಸರಿಗಳ ಪೊಟ್ಟಣದ ಮೊಕದ್ದಮೆಯಲ್ಲಿ, ವೈದ್ಯರು ಇಂತಹ ಸಾಧನಗಳನ್ನು ತರಿಸಿಕೊಳ್ಳಬಹುದೆಂದು ತೀರ್ಪು ನೀಡಿತು. ಆ ಪೊಟ್ಟಣ ಡಾ. ಹನ್ನಾ ಸ್ಟೋನ್ ಅವರ ಹೆಸರಿಗೆ ಬಂದಿತ್ತು. ಸ್ಯಾಂಗರಳ ಚಿಕಿತ್ಸಾಲಯದಲ್ಲಿ ಸಾವಿರಾರು ಹೆಂಗಸರಿಗೆ ಡಯಾಫ್ರಮ್ ಹೊಂದಿಸಿದ ವೈದ್ಯೆ ಆಕೆ. ಆಕೆ ೧೯೪೧ರಲ್ಲಿ ತೀರಿಕೊಂಡ ಹತ್ತು ವರ್ಷಗಳ ಬಳಿಕ, ಆಕೆಯ ಪತಿ ಡಾ. ಅಬ್ರಹಾಂ ಸ್ಟೋನ್ ಭಾರತಕ್ಕೆ ಬಂದರು. ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಗಾಂಧೀಜಿಯವರ ಅನುಯಾಯಿ. ಸರ್ಕಾರದ ಕೋರಿಕೆಯ ಮೇರೆಗೆ ವಿಶ್ವ ಆರೋಗ್ಯ ಸಂಸ್ಥೆ ಕಳುಹಿಸಿದ ಸ್ಟೋನ್ ಅವರ ಸಲಹೆಯಂತೆ ದಿಲ್ಲಿಯ ಲೋಧಿ ಕಾಲೊನಿ ಮತ್ತು ಮೈಸೂರು ರಾಜ್ಯದ ರಾಮನಗರಗಳಲ್ಲಿ ಪ್ರಯೋಗ ನಡೆಯಿತು. ಆ ಪ್ರಯೋಗ ಡಯಾಫ್ರಮ್ಮಿನದಲ್ಲ. ಮುಟ್ಟಿನ ದಿನಗಳನ್ನು ಎಣಿಸಿ ಸುರಕ್ಷಿತ ದಿನಗಳನ್ನು ಗುರುತಿಸುವ ಆವರ್ತನ ವಿಧಾನದ್ದು. ದಿನಗಳನ್ನು ಎಣಿಸಲು ಹೆಂಗಸರಿಗೆ ಬಣ್ಣದ ಮಣಿಗಳ ಸರ ಕೊಡಲಾಯಿತು.

ಮಣಿಯನ್ನು ಸರಿಸಿದರೆ ಸಾಕು, ಬಸಿರು ನಿಲ್ಲದೆಂದು ಹೆಂಗಸರು ನಂಬಿದರೆಂಬ ಕಥೆಯೊಂದು ಕುಟುಂಬ ಯೋಜನೆಯ ವಲಯದಲ್ಲಿ ಬಹುಕಾಲ ಪ್ರಚಾರದಲ್ಲಿತ್ತು. ಜಾನಪದ ಅಧ್ಯಯನದ ದೃಷ್ಟಿಯಿಂದ ಈ ಕಥೆ ಹಳ್ಳಿಯ ಹೆಂಗಸರ ಬಗ್ಗೆ ಹೇಳುವುದಕ್ಕಿಂತ ಹೆಚ್ಚಾಗಿ ಅದನ್ನು ಹೇಳಿ ನಕ್ಕವರ ಬಗ್ಗೆ ಹೇಳುತ್ತದೆ. ವಿದ್ಯಾವಂತ ವರ್ಗದ ಒಂದು ಐತಿಹ್ಯವಾಗಿಯೇ ಅದನ್ನು ಪರಿಗಣಿಸಬೇಕು. ಅಮಾವಾಸ್ಯೆ, ಹುಣ್ಣಿಮೆ, ಮಳೆ ನಕ್ಷತ್ರಗಳನ್ನು ಬಾಯಲ್ಲಿಟ್ಟುಕೊಂಡು ಬೇಸಾಯ ನಡೆಸಿದ ಸಮುದಾಯಕ್ಕೆ ದಿನ ಎಣಿಸಲು ಬರುವುದಿಲ್ಲವೆಂಬುದು ಸುಲಭವಾಗಿ ಒಪ್ಪುವ ಮಾತಲ್ಲ. ಸಂಯಮದ ದಿನಗಳನ್ನು ಗಂಡನೂ ಒಪ್ಪಬೇಕಾಗಿತ್ತು ಎಂಬ ಸರಳ ಸತ್ಯವನ್ನು ಆ ನಗೆ ಮರೆಮಾಡಿತು.

೭. ಮನೆ, ಎಣ್ಣೆ, ಬಾಣಂತನ

ಮೊದಲ ಪಂಚವಾರ್ಷಿಕ ಯೋಜನೆಯಲ್ಲಿ ಕುಟುಂಬ ಯೋಜನೆಗೆ ೬೫ ಲಕ್ಷ ರೂಪಾಯಿ ಇಡಲಾಯಿತು. ೧೯೫೦ರ ದಶಕದ ನಗರಗಳ ಚಿಕಿತ್ಸಾಲಯಗಳಲ್ಲಿ ಡಯಾಫ್ರಮ್ ಮತ್ತು ಜೆಲ್ಲಿ ಬಳಕೆಯಲ್ಲಿದ್ದವು. ಆದರೆ ಅದು ಹಳ್ಳಿಯನ್ನು ತಲುಪಲಿಲ್ಲ. ಇದಕ್ಕೆ ಅಂದಿನ ವರದಿಗಳು ಸಾಮಾನ್ಯವಾಗಿ ಹೆಂಗಸರ ಅಜ್ಞಾನ, ಸಂಕೋಚಗಳನ್ನು ಕಾರಣವಾಗಿ ಹೇಳುತ್ತವೆ. ಗ್ರಾಮೀಣ ಬದುಕಿನ ವಿನ್ಯಾಸವನ್ನು ನೋಡಿದರೆ ಬೇರೆಯೇ ಕಾರಣಗಳು ಕಾಣುತ್ತವೆ.

ಒಂದೇ ಅಂಕಣದ ಮನೆ, ಅತ್ತೆ ಮಾವ, ಮೈದುನ ನಾದಿನಿಯರೊಡನೆ ಮಲಗುವ ರಾತ್ರಿ, ದೂರದ ಬಾವಿಯಿಂದ ಹೊತ್ತು ತರುವ ನೀರು, ಬಚ್ಚಲಿಗೆ ಬಾಗಿಲಿಲ್ಲದ ಸ್ಥಿತಿ ಇವು ಸಾಧನವನ್ನು ಧರಿಸಲು, ಬೆಳಗ್ಗೆ ತೆಗೆದು ತೊಳೆದು ಒಣಗಿಸಿಡಲು ಅಡ್ಡಿಯಾದವು. ಹೆಣ್ಣಿಗೆ ತನ್ನದೆಂದು ಬೀಗ ಹಾಕಿಕೊಳ್ಳುವ ಒಂದು ಪೆಟ್ಟಿಗೆಯೂ ಇಲ್ಲದ ಮನೆಗಳಿದ್ದವು. ಬಿಸಿಲಿನ ಸೆಕೆಗೆ ರಬ್ಬರು ಬೇಗ ಹಾಳಾಗುತ್ತದೆ. ಎಣ್ಣೆ ತಗುಲಿದರೆ ಇನ್ನೂ ಬೇಗ. ನಮ್ಮ ಹೆರಿಗೆ ಮತ್ತು ಬಾಣಂತನದ ಸಂಸ್ಕೃತಿಯೋ ಎಣ್ಣೆಯ ಸಂಸ್ಕೃತಿ. ಹರಳೆಣ್ಣೆ, ಕೊಬ್ಬರಿ ಎಣ್ಣೆಗಳಿಲ್ಲದೆ ಸೂಲಗಿತ್ತಿಯ ಕೈ ಆಡದು, ಬಾಣಂತಿಯ ನೀರು ಮುಗಿಯದು. ಯುರೋಪಿನ ತಂಪು ನಾಡಿನಲ್ಲಿ ರೂಪುಗೊಂಡ ರಬ್ಬರಿನ ವಸ್ತು ಈ ಎಣ್ಣೆಯ ಲೋಕಕ್ಕೆ ಅಪರಿಚಿತವಾಗಿತ್ತು.

ಬಾಣಂತನದ ಮತ್ತೊಂದು ಅಂಶವೂ ಮುಖ್ಯವಾದುದು. ಹೆರಿಗೆಯಾಗಿ ಆರು ವಾರದ ಬಳಿಕ ಅಳತೆಯನ್ನು ಮತ್ತೆ ನೋಡಬೇಕೆಂಬುದು ವೈದ್ಯಕೀಯ ನಿಯಮ. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ. ಬಾಣಂತನ ಮೂರು ತಿಂಗಳು, ಐದು ತಿಂಗಳು ನಡೆಯುವುದುಂಟು. ಆ ಅವಧಿಯಲ್ಲಿ ಬಾಣಂತಿಯ ಮೈಯನ್ನು ದಿನವೂ ಮುಟ್ಟಿ ನೋಡುವವಳು ಸೂಲಗಿತ್ತಿ ಅಥವಾ ಹಿರಿಯ ಹೆಂಗಸು. ಗರ್ಭಕೋಶ ಕುಗ್ಗಿ ಸ್ಥಾನಕ್ಕೆ ಬಂದಿದೆಯೇ, ಒಳಮೈ ಜಾರಿದೆಯೇ ಎಂಬುದನ್ನು ಕೈಯಿಂದಲೇ ಅರಿಯುವ ಅನುಭವ ಆಕೆಗಿತ್ತು. ಡಯಾಫ್ರಮ್ ಹೊಂದಿಸಲು ಬೇಕಾದ ಜ್ಞಾನದ ಬಹುಭಾಗ ಇದೇ. ಲಂಡನ್ನಿನಲ್ಲಿ ಸ್ಟೋಪ್ಸ್ ಸೂಲಗಿತ್ತಿಯರನ್ನು ಈ ಕೆಲಸಕ್ಕೆ ನೇಮಿಸಿದ್ದಳು. ಭಾರತದಲ್ಲಿ ದಾಯಿ ತರಬೇತಿಯ ಒತ್ತು ಶುಚಿಯಾದ ಹೆರಿಗೆಯ ಮೇಲಿತ್ತು. ಅದು ಅಗತ್ಯವಾಗಿಯೂ ಇತ್ತು. ಆದರೆ ಆಕೆಯ ಕೈಯ ಜ್ಞಾನವನ್ನು ಈ ದಿಕ್ಕಿನಲ್ಲಿ ಬೆಳೆಸುವ ಯೋಚನೆ ಯೋಜನೆಯ ಮುಖ್ಯಧಾರೆಯಲ್ಲಿ ಕಾಣುವುದಿಲ್ಲ. ೧೫,೦೦೦ಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರಿಗೆ ೨೦೧೮ರಲ್ಲಿ ಪದ್ಮಶ್ರೀ ಸಂದಿತು. ಗೌರವ ಸಂದ ಕಾಲಕ್ಕೆ ಹೆರಿಗೆ ಬಹುಮಟ್ಟಿಗೆ ಆಸ್ಪತ್ರೆಗೆ ಸಾಗಿಹೋಗಿತ್ತು.

ಕೈಯ ಅಳತೆ ಜನಪದಕ್ಕೆ ಹೊಸದಲ್ಲ. ಬಳೆಗಾರನು ಕೈಯನ್ನು ಒತ್ತಿ, ಗೆಣ್ಣನ್ನು ಸವರಿ, ಒಂದು ಬಳೆಯೂ ಒಡೆಯದಂತೆ ತೊಡಿಸುತ್ತಾನೆ. ಮನೆಯ ಹೆಂಗಸರು ಹೊರಗಿನ ಗಂಡಸಿಗೆ ಆ ಸಲುಗೆಯನ್ನು ಕೊಟ್ಟಿದ್ದು ಆತನ ಕೈಯ ಮೇಲಿನ ನಂಬಿಕೆಯಿಂದ. ದೇಹವನ್ನು ಮುಟ್ಟಿಸಿಕೊಳ್ಳುವ ಸಂಕೋಚವು ಅಪರಿಚಿತ ಕೈಗೆ ಸಂಬಂಧಿಸಿದ್ದು. ಆದ್ದರಿಂದ ಸಂಕೋಚವನ್ನು ಹೆಣ್ಣಿನ ದೋಷವಾಗಿ ಎಣಿಸುವ ಬದಲು, ಪರಿಚಿತ ಕೈಯನ್ನು ಒದಗಿಸದ ವ್ಯವಸ್ಥೆಯ ಲಕ್ಷಣವಾಗಿ ಕಾಣುವುದು ಹೆಚ್ಚು ಸಮಂಜಸ.

೮. ಅಳತೆಯಿಂದ ಬಿಡುಗಡೆ

೧೯೬೫ರಲ್ಲಿ ಭಾರತದಲ್ಲಿ ಲಿಪ್ಪಿಸ್ ಲೂಪ್ ಎಂಬ ವಂಕಿಯ ಕಾರ್ಯಕ್ರಮ ಆರಂಭವಾಯಿತು. ಮುಂದೆ ಶಸ್ತ್ರಚಿಕಿತ್ಸೆಗೆ ಆದ್ಯತೆ ಬಂದಿತು. ಒಮ್ಮೆ ಮಾಡಿ ಲೆಕ್ಕಕ್ಕೆ ಸೇರಿಸಬಹುದಾದ ವಿಧಾನಗಳು ಗುರಿಯ ಆಡಳಿತಕ್ಕೆ ಒಪ್ಪಿದವು. ಹೆಣ್ಣಿನ ದಿನನಿತ್ಯದ ನಿರ್ಣಯವನ್ನು ಬೇಡುವ ಡಯಾಫ್ರಮ್ ಆ ಲೆಕ್ಕಕ್ಕೆ ಒಗ್ಗಲಿಲ್ಲ. ಸರ್ಕಾರಿ ಕಾರ್ಯಕ್ರಮದಲ್ಲಿ ಇಂದು ಕಾಂಡೋಮ್, ಗುಳಿಗೆ, ವಂಕಿ, ಚುಚ್ಚುಮದ್ದು, ಶಸ್ತ್ರಚಿಕಿತ್ಸೆಗಳಿವೆ, ಡಯಾಫ್ರಮ್ ಇಲ್ಲ.

ಪಶ್ಚಿಮದಲ್ಲಿಯೂ ಗುಳಿಗೆ ಬಂದ ಮೇಲೆ ಇದರ ಬಳಕೆ ಕುಗ್ಗಿತು. ಆದರೆ ಅಳತೆಯ ಪ್ರಶ್ನೆ ಮತ್ತೆ ತಲೆಯೆತ್ತಿತು. ಪಾತ್ ಮತ್ತು ಕಾನ್ರಾಡ್ ಎಂಬ ಸಂಸ್ಥೆಗಳು ಹಲವು ದೇಶಗಳ ಮಹಿಳೆಯರ ಅಭಿಪ್ರಾಯ ಪಡೆದು, ಹೆಚ್ಚಿನವರಿಗೆ ಹೊಂದುವ ಒಂದೇ ಅಳತೆಯ ಸಿಲಿಕೋನ್ ಡಯಾಫ್ರಮ್ಮನ್ನು ರೂಪಿಸಿದವು. ಕಾಯಾ ಎಂಬ ಹೆಸರಿನ ಅದಕ್ಕೆ ೨೦೧೩ರಲ್ಲಿ ಯುರೋಪಿನಲ್ಲಿ, ೨೦೧೪ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಉಂಗುರಗಳಿಂದ ಅಳೆಯುವ ಕೆಲಸ ತಪ್ಪಿತು. ಆದರೂ ಅತಿ ಚಿಕ್ಕ ಅಥವಾ ಅತಿ ದೊಡ್ಡ ಅಳತೆ ಬೇಕಾದವರಿಗೆ ಅದು ಹೊಂದದು. ಸರಿಯಾಗಿ ಕೂತಿದೆಯೇ ಎಂದು ತಿಳಿಯಲು ಹೇಳಿಕೊಡುವ ಒಬ್ಬರು ಬೇಕೇ ಬೇಕು. ಅಂದರೆ ದೇಹದ ಅಳತೆಯನ್ನು ಸರಳಗೊಳಿಸಬಹುದು, ಮನೆ ಮತ್ತು ಕೈಗಳ ಪ್ರಶ್ನೆಯನ್ನು ತಂತ್ರಜ್ಞಾನವೊಂದೇ ಬಗೆಹರಿಸಲಾರದು.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಡಯಾಫ್ರಮ್ ಹಾಗೂ ಗರ್ಭಕಂಠದ ಟೊಪ್ಪಿಗಳ ಚರಿತ್ರೆಯಲ್ಲಿ ಯೋಗ್ಯತೆ ಎಂಬುದು ಸ್ಥಿರವಾದ ಅರ್ಥವುಳ್ಳ ಮಾತಾಗಿರಲಿಲ್ಲ. ಅದು ಒಮ್ಮೆ ದೇಹದ ವ್ಯಾಸವಾಗಿತ್ತು, ಒಮ್ಮೆ ಕಾನೂನಿನ ಷರತ್ತಾಗಿತ್ತು, ಒಮ್ಮೆ ಜನಾಂಗದ ಹೆಮ್ಮೆಯಾಗಿತ್ತು. ಮೈಸೂರಿನಂತಹ ಸಂಸ್ಥಾನವು ೧೯೩೦ರಲ್ಲಿಯೇ ಆಸ್ಪತ್ರೆಯ ಬಾಗಿಲು ತೆರೆದರೂ, ಆ ಬಾಗಿಲಿಗೂ ಹಳ್ಳಿಯ ಹಿತ್ತಲಿಗೂ ನಡುವೆ ಇದ್ದ ದಾರಿಯಲ್ಲಿ ನಡೆಯಬಲ್ಲವಳಾಗಿದ್ದ ಸೂಲಗಿತ್ತಿಯನ್ನು ಮುಂದಿನ ಯೋಜನೆಗಳು ಜೊತೆಗೆ ಕರೆದುಕೊಳ್ಳಲಿಲ್ಲ. ಬಳಸಲು ಆಗದ ಸ್ಥಿತಿಯನ್ನು ಬಳಸಲು ಬಾರದ ಹೆಣ್ಣೆಂದು ದಾಖಲಿಸಲಾಯಿತು. ಆರೋಗ್ಯ ಇಲಾಖೆಯ ಹಳೆಯ ಕಡತಗಳನ್ನು, ಆಸ್ಪತ್ರೆಗಳ ವಾರ್ಷಿಕ ವರದಿಗಳನ್ನು ಓದುವಾಗ ಸಂಶೋಧಕರು ಈ ಎರಡನ್ನೂ ಬೇರ್ಪಡಿಸಿ ನೋಡಬೇಕಾಗಿದೆ. ಸೂಲಗಿತ್ತಿಯರ, ಹಿರಿಯ ದಾದಿಯರ, ಆ ಕಾಲದಲ್ಲಿ ಹೆತ್ತು ಬದುಕಿದ ಹೆಂಗಸರ ಮೌಖಿಕ ನಿರೂಪಣೆಗಳನ್ನು ಸಂಗ್ರಹಿಸುವ ಕೆಲಸ ತುರ್ತಾಗಿ ಆಗಬೇಕು. ಬಸಿರು, ಹೆರಿಗೆ, ಬಾಣಂತನಗಳ ಹಾಡು ಮತ್ತು ಆಚರಣೆಗಳನ್ನು ಸಂಗ್ರಹಿಸಿದ ಕನ್ನಡ ಜಾನಪದ ಅಧ್ಯಯನವು, ಬಸಿರು ಬೇಡವೆಂದ ಹೆಂಗಸಿನ ಮಾತನ್ನೂ ಅಷ್ಟೇ ಶ್ರದ್ಧೆಯಿಂದ ಕೇಳಿಸಿಕೊಂಡಾಗ ಮಾತ್ರ ಈ ಚರಿತ್ರೆ ಪೂರ್ಣವಾದೀತು.